ಹ್ಯಾವ್ ಎಂಬ ಕ್ರಿಯಾಪದ

ಪರಭಾಷೆಯನ್ನು ಕಲಿಯಲು ಹೊರಟವನಿಗೆ ದೊಡ್ಡ ಪದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ‘ರೈಲ್ವೆ’, ‘ಮ್ಯುನಿಸಿಪಾಲಿಟಿ’, ‘ಇನ್‌ಸ್ಟಾಲ್‌ಮೆಂಟ್’ ಮೊದಲಾದವು ನೋಡಲು ಉದ್ದವಾಗಿದ್ದರೂ ಅರ್ಥದಲ್ಲಿ ಸರಳ. ಒಮ್ಮೆ ನಿಘಂಟನ್ನು ತೆರೆದು ನೋಡಿದರೆ ಅವುಗಳ ಕೆಲಸ ಮುಗಿಯಿತು. ಕಷ್ಟವಿರುವುದು ಸಣ್ಣ ಪದಗಳಲ್ಲಿ. ದೊಡ್ಡ ಕುಟುಂಬದ ಹಿರಿಯ ಸೊಸೆಯಂತೆ ಅವು ಅಡುಗೆಗೂ ಬೇಕು, ಹೊಲಕ್ಕೂ ಬೇಕು, ಬಂದ ಅತಿಥಿಗೆ ನೀರು ಕೊಡಲಿಕ್ಕೂ ಬೇಕು. ಯಾವ ಹೊತ್ತಿನಲ್ಲಿ ಯಾವ ಕೆಲಸದಲ್ಲಿರುತ್ತವೆ ಎಂಬುದನ್ನು ಹೊರಗಿನವನು ತಿಳಿಯುವುದು ಸುಲಭವಲ್ಲ. ಇಂಗ್ಲಿಷಿನ ‘ಹ್ಯಾವ್’ ಅಂಥದೊಂದು ಪದ. ಆ ಲಿಪಿಯಲ್ಲಿ ಬರೆದರೆ ನಾಲ್ಕೇ ಅಕ್ಷರ. ಮೊದಲ ವರ್ಷದ ಪಾಠಗಳಲ್ಲಿಯೇ ಅದು ಎದುರಾಗುತ್ತದೆ. ಪದವೀಧರರಾದವರ ಬರವಣಿಗೆಯಲ್ಲಿಯೂ ಕಾಲಿಗೆ ತೊಡರುತ್ತದೆ.

ರಾಯಚೂರು ಸೀಮೆಯ ಮಕ್ಕಳಿಗೆ ಭಾಷೆಗಳ ಬಡತನ ಎಂದೂ ಇರಲಿಲ್ಲ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ನೆಲದಲ್ಲಿ ಮನೆಯ ಮಾತು ಕನ್ನಡವಾದರೆ, ಪೇಟೆಯಲ್ಲಿ ತೆಲುಗು ಕೇಳಿಸುತ್ತದೆ. ನೆರೆಮನೆಯಲ್ಲಿ ಉರ್ದು ಇರುತ್ತದೆ. ರಾಯಚೂರು ನಗರದ ತೀನ್ ಕಂದೀಲಿನ ಬಳಿ ಹತ್ತು ನಿಮಿಷ ನಿಂತವನ ಕಿವಿಗೆ ಈ ಮೂರೂ ಬೀಳದೆ ಇರಲಾರವು. ಹೈದರಾಬಾದು ಸಂಸ್ಥಾನದ ಆಳ್ವಿಕೆಯಲ್ಲಿ ಕಚೇರಿಯ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. ಮೇಲಿನ ತರಗತಿಗಳ ಶಿಕ್ಷಣವೂ ಉರ್ದುವಿನಲ್ಲಿಯೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನ ಮಾಧ್ಯಮವನ್ನಾಗಿ ಮಾಡಿಕೊಂಡಿತು. ಇಂಗ್ಲಿಷನ್ನು ಕಡ್ಡಾಯದ ಒಂದು ವಿಷಯವಾಗಿ ಇಟ್ಟಿತು. ಜನಸಾಮಾನ್ಯರ ಕಣ್ಣಿಗೆ ಇಂಗ್ಲಿಷ್ ಬಿದ್ದದ್ದು ಹೆಚ್ಚಾಗಿ ರೈಲು ನಿಲ್ದಾಣದಲ್ಲಿ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿಯೇ ಒಂದನ್ನೊಂದು ಕೂಡಿದುವಷ್ಟೆ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ಉರ್ದುವಿನ ಸ್ಥಾನಕ್ಕೆ ಕನ್ನಡ ಬಂದಿತು. ಆದರೆ ಇಂಗ್ಲಿಷ್ ಹಿಂದೆ ಸರಿಯಲಿಲ್ಲ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕೃತವಾದ ತರುವಾಯ ಅವುಗಳ ಶಾಖೆಗಳು ಹಳ್ಳಿಗಾಡಿನತ್ತ ನಡೆದುಬಂದವು. ಅವುಗಳ ಬೆನ್ನಿಗೆ ಇಂಗ್ಲಿಷಿನಲ್ಲಿ ಬೆರಳಚ್ಚಾದ ಕಾಗದಗಳೂ ಒಕ್ಕಲಿಗರ ಮನೆಯ ಹೊಸ್ತಿಲಿಗೆ ಬಂದವು. ಅವನ್ನು ಓದಿ ಹೇಳುವ ಹೊಣೆ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗನ ಮೇಲೆ ಬಿದ್ದಿತು.

ಆ ಕಾಲದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಪ್ರಾರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಹುಟ್ಟಿ, ಅಧ್ಯಾಪಕರಿಗೆ ತರಬೇತಿಯನ್ನು ಕೊಡತೊಡಗಿತ್ತು. ವ್ಯಾಕರಣದ ನಿಯಮವನ್ನು ಬಾಯಿಪಾಠ ಮಾಡಿಸುವ ಬದಲು ವಾಕ್ಯದ ಅಚ್ಚುಗಳನ್ನು ಮಾತಿನಲ್ಲಿ ರೂಢಿಸಬೇಕೆಂಬುದು ಹೊಸ ಬೋಧನೆಯ ಸಾರ. ‘ಐ ಹ್ಯಾವ್ ಎ ಪೆನ್’, ‘ಐ ಹ್ಯಾವ್ ಎ ಬುಕ್’ ಎಂದು ತರಗತಿಯೆಲ್ಲ ಒಂದೇ ರಾಗದಲ್ಲಿ ಹೇಳುತ್ತಿತ್ತು. ಒಳ್ಳೆಯದೇ. ಆದರೆ ಪದದ ಅರ್ಥವನ್ನು ಕೇಳಿದ ಹುಡುಗನಿಗೆ ಸಿಗುತ್ತಿದ್ದುದು ಒಂದೇ ಉತ್ತರ: ‘ಹ್ಯಾವ್ ಎಂದರೆ ಹೊಂದು.’ ಹುಡುಗರು ಅದನ್ನು ಪಾಟಿಯ ಮೇಲೆ ಬರೆದುಕೊಂಡರು.

ಈ ‘ಹೊಂದು’ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೇರು, ಕೂಡು, ಪಡೆ ಎಂಬ ಅರ್ಥಗಳಲ್ಲಿ ಅದು ಹಳೆಯ ಹಾಗೂ ಒಳ್ಳೆಯ ಕನ್ನಡ ಪದವೇ. ಆದರೆ ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ದೇವದುರ್ಗದ ಸಂತೆಯಲ್ಲಾಗಲಿ, ರಾಯಚೂರಿನ ಹತ್ತಿಯ ಮಾರುಕಟ್ಟೆಯಲ್ಲಾಗಲಿ ಯಾರೂ ಹೇಳುವುದಿಲ್ಲ. ‘ನನಗ ಇಬ್ರು ಅಣ್ಣಂದಿರು ಅದಾರ’ ಎನ್ನುತ್ತಾರೆ. ‘ಮೇಜು ನಾಲ್ಕು ಕಾಲುಗಳನ್ನು ಹೊಂದಿದೆ’ ಎಂಬುದು ಭಾಷಾಂತರದವರು ಕಟ್ಟಿದ ವಾಕ್ಯ. ಬಡಗಿಯ ಬಾಯಲ್ಲಿ ಅದು ‘ಮೇಜಿಗೆ ನಾಲ್ಕು ಕಾಲು’. ಕನ್ನಡದಲ್ಲಿಯೇ ಬದುಕಿಲ್ಲದ ವಾಕ್ಯದ ಮೂಲಕ ಇಂಗ್ಲಿಷಿನ ಜೀವಂತ ಪದವೊಂದನ್ನು ಕಲಿಸಲು ಹೊರಟರೆ ಏನಾದೀತು? ಹುಡುಗನಿಗೆ ಎರಡೂ ದಕ್ಕುವುದಿಲ್ಲ. ಇಂದಿನ ವೃತ್ತಪತ್ರಿಕೆಗಳಲ್ಲಿ ಊರುಗಳು ಶಾಲೆಗಳನ್ನು ‘ಹೊಂದಿರುವುದನ್ನೂ’, ಶಾಲೆಗಳು ಕೊಠಡಿಗಳನ್ನು ‘ಹೊಂದಿರುವುದನ್ನೂ’ ಕಂಡಾಗ, ಆ ಪಾಟಿಯ ಮೇಲಿನ ಬರಹ ಇನ್ನೂ ಅಳಿಸಿಲ್ಲವೆಂದು ತೋರುತ್ತದೆ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಎಪ್ಪತ್ತರ ದಶಕದ ಮಾತು. ಅಲ್ಲಿಯ ಒಕ್ಕಲಿಗನೊಬ್ಬನು ಬಾವಿ ತೋಡಿಸಲು ಬ್ಯಾಂಕಿನಿಂದ ಸಾಲ ತೆಗೆದಿದ್ದನು. ಮೂರು ಕಂತುಗಳಲ್ಲಿ ತೀರಿಸಬೇಕು. ಮೊದಲನೆಯದನ್ನು ತಾನೇ ಹೋಗಿ ಕಟ್ಟಿ ಬಂದನು. ಎರಡನೆಯ ವರ್ಷ ಹತ್ತಿಯನ್ನು ರಾಯಚೂರಿಗೆ ಹಾಕಿದಾಗ, ಮಾರಿದ ಹಣದಲ್ಲಿ ಕಂತನ್ನು ತಾನೇ ಬ್ಯಾಂಕಿಗೆ ಮುಟ್ಟಿಸುವುದಾಗಿ ದಲಾಲಿಯವನು ಹೇಳಿದನು. ಮಾತು ನಿಲ್ಲುವುದೋ ಇಲ್ಲವೋ ಎಂಬ ಅಳುಕು ಒಕ್ಕಲಿಗನಿಗೆ ಇದ್ದೇ ಇತ್ತು. ಆದಕಾರಣ ಅಷ್ಟೇ ಹಣವನ್ನು ಮನೆಯ ಟ್ರಂಕಿನಲ್ಲಿ ಬೇರೆಯಾಗಿ ತೆಗೆದಿರಿಸಿ, ಬ್ಯಾಂಕಿನ ಕಾಗದದ ದಾರಿ ನೋಡುತ್ತಿದ್ದನು. ಕಾಗದ ಬಂದಿತು. ಒಂಬತ್ತನೆಯ ತರಗತಿಯ ಮಗನು ಅದನ್ನು ಕಟ್ಟೆಯ ಮೇಲೆ ಕುಳಿತು ಓದಿದನು. ಅದರಲ್ಲಿದ್ದುದು ಎರಡೇ ವಾಕ್ಯ: ‘ವಿ ಹ್ಯಾವ್ ರಿಸೀವ್ಡ್ ದಿ ಫಸ್ಟ್ ಇನ್‌ಸ್ಟಾಲ್‌ಮೆಂಟ್. ಯು ಹ್ಯಾವ್ ಟು ಪೇ ದಿ ಸೆಕೆಂಡ್ ಬಿಫೋರ್ ದಿ ಥರ್ಟಿಫಸ್ಟ್ ಆಫ್ ಮಾರ್ಚ್.’

ಹುಡುಗನು ದಡ್ಡನಲ್ಲ. ‘ರಿಸೀವ್’ ಎಂದರೆ ಪಡೆ, ‘ಪೇ’ ಎಂದರೆ ಹಣ ಕಟ್ಟು ಎಂಬುದು ಅವನಿಗೆ ತಿಳಿದಿತ್ತು. ಕ್ರಿಯಾಪದದ ಹಿಂದೆ ‘ಹ್ಯಾವ್’ ಬಂದರೆ ಕೆಲಸ ಮುಗಿದಂತೆ ಎಂದು ಆ ವರ್ಷವೇ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಎರಡು ವಾಕ್ಯಗಳಲ್ಲಿಯೂ ‘ಹ್ಯಾವ್’ ಇತ್ತು. ನಡುವಿನ ‘ಟು’ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಬಿದ್ದರೂ ಅದಕ್ಕೊಂದು ಬೆಲೆಯಿದೆಯೆಂದು ತೋರಲಿಲ್ಲ.

‘ಎರಡೂ ಕಂತು ಮುಟ್ಟ್ಯಾವ ಯಪ್ಪಾ’ ಎಂದನು.

‘ಬರೋಬ್ಬರಿ ಓದಿದೇನು ತಮ್ಮಾ?’

‘ಹೂಂ, ಹಂಗೇ ಬರದಾರ.’

ದಲಾಲಿಯವನನ್ನು ಅನುಮಾನಿಸಿದ್ದಕ್ಕಾಗಿ ತಂದೆಯು ನೊಂದುಕೊಂಡನು. ಟ್ರಂಕಿನಲ್ಲಿದ್ದ ಹಣವು ಮಗಳ ಬಾಣಂತನಕ್ಕೂ ಸೋರುತ್ತಿದ್ದ ಮಾಳಿಗೆಯ ರಿಪೇರಿಗೂ ಹೋಯಿತು. ಮಾರ್ಚಿ ಕಳೆಯಿತು. ಬಿತ್ತನೆಯ ಹೊತ್ತಿಗೆ ಇನ್ನೊಂದು ಕಾಗದ, ಅದರ ಹಿಂದೆಯೇ ಬ್ಯಾಂಕಿನವನೊಬ್ಬ ಬಂದನು. ದಲಾಲಿಯವನು ಹಣವನ್ನು ತನ್ನ ಹಳೆಯ ಲೆಕ್ಕಕ್ಕೆ ಮುರಿದುಕೊಂಡಿದ್ದನು. ಕಂತಿನ ಮೇಲೆ ದಂಡಬಡ್ಡಿ ಸೇರಿತ್ತು. ಜೋಡಿ ಎತ್ತುಗಳಲ್ಲಿ ಒಂದನ್ನು ಸಂತೆಗೆ ಹೊಡೆದುಕೊಂಡು ಹೋಗುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. ತಂದೆಯು ಮಗನಿಗೆ ಒಂದು ಮಾತನ್ನೂ ಆಡಲಿಲ್ಲ. ಆ ವರ್ಷದ ಬಿತ್ತನೆಗೆ ನೆರೆಯವನ ಒಂದೆತ್ತಿನೊಡನೆ ತನ್ನ ಒಂದೆತ್ತನ್ನು ಮುಯ್ಯಿಗೆ ಹೂಡಿ ಕೆಲಸ ಸಾಗಿಸಿದನು.

ಮರುವರ್ಷ ಹುಡುಗನನ್ನು ಮಾನ್ವಿಗೆ, ಸೋದರಮಾವನ ಮನೆಗೆ ಕಳುಹಿಸಿದರು. ಮಾನ್ವಿಯು ಜಗನ್ನಾಥದಾಸರಿಂದ ಹೆಸರಾದ ಊರು. ದೇವದುರ್ಗದ ಒಣಬೇಸಾಯದ ಎರೆಹೊಲಗಳನ್ನು ನೋಡಿ ಬೆಳೆದವನಿಗೆ, ತುಂಗಭದ್ರಾ ಎಡದಂಡೆಯ ಕಾಲುವೆಯ ನೀರಿನಿಂದ ಹಸಿರಾಗಿದ್ದ ಅಲ್ಲಿಯ ಬತ್ತದ ಗದ್ದೆಗಳು ಬೇರೊಂದು ದೇಶದಂತೆ ಕಂಡಿರಬೇಕು. ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಸಂಸ್ಥಾನದ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಸ್ನೇಹಿತರೊಡನೆ ತೆಲುಗು. ಎಳವೆಯಲ್ಲಿ ಅಜ್ಜನಿಂದ ಒಂದಿಷ್ಟು ಸಂಸ್ಕೃತವೂ ಆಗಿತ್ತು. ಇಂಥ ಅಧ್ಯಾಪಕರು ಈಗ ವಿರಳ.

ಒಂದು ದಿನ ‘ನನ್ನ ತಂದೆಗೆ ಎರಡು ಎತ್ತುಗಳಿವೆ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರುವಂತೆ ಹೇಳಿದರು. ಹುಡುಗನು ‘ಮೈ ಫಾದರ್ ಹ್ಯಾವ್ ಟೂ ಬುಲಕ್ಸ್’ ಎಂದು ಬರೆದನು. ‘ಹ್ಯಾಜ್’ ಎಂದು ತಿದ್ದಿ ಮುಂದೆ ಸಾಗುವುದು ವಾಡಿಕೆ. ಮಾಸ್ತರರು ಹಾಗೆ ಮಾಡದೆ, ‘ಹ್ಯಾವ್ ಯಾಕ ಬರದಿ ತಮ್ಮಾ?’ ಎಂದು ಕೇಳಿದರು.

‘ಎತ್ತು ಎರಡು ಅದಾವಲ್ರೀ ಸರ್, ಅದಕ.’

ತಪ್ಪಿನ ಬೇರು ಆ ಒಂದು ಮಾತಿನಲ್ಲಿ ಸಿಕ್ಕಿಬಿಟ್ಟಿತು. ‘ತಂದೆಗೆ ಎರಡು ಎತ್ತುಗಳಿವೆ’ ಎಂಬ ಕನ್ನಡ ವಾಕ್ಯದಲ್ಲಿ ಕರ್ತೃ ಯಾವುದು? ತಂದೆಯಲ್ಲ, ಎತ್ತುಗಳು. ಕ್ರಿಯಾಪದವು ಅವುಗಳ ಮಾತನ್ನು ಕೇಳುತ್ತದೆ. ಎತ್ತು ಒಂದಾದರೆ ‘ಇದೆ’, ಎರಡಾದರೆ ‘ಇವೆ’, ಎತ್ತುಗಳ ಬದಲು ಅಣ್ಣಂದಿರಾದರೆ ‘ಇದ್ದಾರೆ’. ತಂದೆಯು ಬದಿಯಲ್ಲಿ ಚತುರ್ಥೀ ವಿಭಕ್ತಿಯನ್ನು ಹೊದ್ದುಕೊಂಡು ಕುಳಿತಿರುತ್ತಾನೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಒಡೆಯನೇ ಕರ್ತೃ. ಸೊತ್ತು ಅವನ ಕೈಕೆಳಗಿನ ಕರ್ಮ. ಎತ್ತು ಒಂದಿರಲಿ, ನೂರಿರಲಿ, ತಂದೆ ಒಬ್ಬನಾದ್ದರಿಂದ ‘ಹ್ಯಾಜ್’. ಹುಡುಗನು ಎತ್ತುಗಳನ್ನು ಎಣಿಸಿ ‘ಹ್ಯಾವ್’ ಬರೆದದ್ದು ಅಜ್ಞಾನದಿಂದಲ್ಲ. ಕನ್ನಡದ ನ್ಯಾಯವನ್ನು ಇಂಗ್ಲಿಷಿಗೆ ಅನ್ವಯಿಸಿದ್ದನು, ಅಷ್ಟೆ.

ಮಾಸ್ತರರು ಹಲಗೆಯ ಮೇಲೆ ನಾಲ್ಕು ಭಾಷೆಗಳ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರು. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ.’ ತೆಲುಗಿನಲ್ಲಿ ‘ನಾಕು ಇದ್ದರು ಅನ್ನಲು ಉನ್ನಾರು.’ ಉರ್ದುವಿನಲ್ಲಿ ‘ಮೇರೆ ದೋ ಭಾಯೀ ಹೈಂ.’ ಸಂಸ್ಕೃತದಲ್ಲಿ ‘ಮಮ ದ್ವೌ ಭ್ರಾತರೌ ಸ್ತಃ.’ ನಾಲ್ಕರಲ್ಲಿಯೂ ಇರುವುದು ‘ಇರು’ ಎಂಬ ಕ್ರಿಯೆಯೇ. ಸಾಮಾನ್ಯ ಮಾತಿನಲ್ಲಿ ‘ಹ್ಯಾವ್’ ಎಂಬುದಕ್ಕೆ ಸರಿಜೋಡಿಯಾದ ಕ್ರಿಯಾಪದ ಯಾವುದರಲ್ಲಿಯೂ ಇಲ್ಲ. ನಾಲ್ಕು ಭಾಷೆಗಳ ನಡುವೆ ಬೆಳೆದ ರಾಯಚೂರಿನ ಮಗುವಿಗೆ ಈ ಒಂದು ಪದವು ಎಲ್ಲಿಂದಲೂ ಪರಿಚಯವಾಗಿರುವುದಿಲ್ಲ. ಇದು ಈ ಸೀಮೆಯ ಕೊರತೆಯೇನೂ ಅಲ್ಲ. ರಷ್ಯನ್ನರು ‘ನನ್ನ ಬಳಿ ಇದೆ’ ಎಂಬ ರೀತಿಯಲ್ಲಿಯೇ ಹೇಳುತ್ತಾರೆ. ಅರಬ್ಬೀ ಭಾಷೆಯ ರೂಢಿಯೂ ಅದೇ. ಎಮಿಲ್ ಬೆನ್ವೆನಿಸ್ತ್ ಎಂಬ ಫ್ರಾನ್ಸಿನ ಭಾಷಾವಿಜ್ಞಾನಿಯು 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ‘ಹ್ಯಾವ್’ ಬಗೆಯ ಕ್ರಿಯಾಪದವು ಲೋಕದ ಭಾಷೆಗಳಲ್ಲಿ ಅಪರೂಪವೆಂದೂ, ‘ಇಂಥವನಿಗೆ ಇದೆ’ ಎಂಬುದನ್ನು ತಿರುಗಿಸಿ ನಿಲ್ಲಿಸಿದ ರೂಪವೇ ಅದೆಂದೂ ತೋರಿಸಿದನು. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ ಆ ಪದದ ಮೂಲಾರ್ಥ ‘ಹಿಡಿ’ ಎಂದಿತ್ತು. ‘ಹಿಡಿ’ ಎಂಬರ್ಥದ ಲ್ಯಾಟಿನಿನ ‘ಕಾಪೆರೆ’ ಅದರ ದೂರದ ಬಳಗ. ನೋಡಲು ಒಂದೇ ತೆರನಾಗಿರುವ ಲ್ಯಾಟಿನಿನ ‘ಹಬೇರೆ’ಯಾದರೋ ನಂಟಸ್ತಿಕೆಯಿಲ್ಲದ ಬೇರೆ ಮನೆತನದ್ದು. ಪದಗಳ ಮುಖ ನೋಡಿ ಬಳಗವನ್ನು ಹೇಳುವುದು ಅಪಾಯ.

ಕನ್ನಡದ ‘ಇರು’ವಿನಲ್ಲಿ ಇಂಗ್ಲಿಷಿಗೆ ಇಲ್ಲದ ಒಂದು ಸೂಕ್ಷ್ಮವೂ ಉಂಟು. ‘ನನಗೆ ಹೊಲವಿದೆ’ ಎಂದರೆ ಹೊಲ ನನ್ನದು. ‘ನನ್ನ ಹತ್ತಿರ ಪುಸ್ತಕವಿದೆ’ ಎಂದರೆ ಪುಸ್ತಕ ಕೈಯಲ್ಲಿದೆ, ಯಾರದೆಂಬುದು ಬೇರೆ ಮಾತು. ಇಂಗ್ಲಿಷಿನ ‘ಹ್ಯಾವ್’ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಇನ್ನೊಬ್ಬನ ಪುಸ್ತಕ ಕೈಯಲ್ಲಿದ್ದರೂ ‘ಐ ಹ್ಯಾವ್ ಯುವರ್ ಬುಕ್’ ಎನ್ನಬಹುದು.

ಪಾಠ ಮುಗಿದ ಮೇಲೆ ಹುಡುಗನು ಮಾಸ್ತರರ ಹಿಂದೆಯೇ ಹೋಗಿ ಬ್ಯಾಂಕಿನ ಕಾಗದದ ಸಂಗತಿಯನ್ನು ಹೇಳಿದನು. ಎತ್ತು ಮಾರಿದ್ದನ್ನೂ ಹೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಹಾಳೆಯಲ್ಲಿ ಮೂರು ವಾಕ್ಯಗಳನ್ನು ಬರೆದುಕೊಟ್ಟರು: ‘ಹಿ ಹ್ಯಾಜ್ ಎ ವೆಲ್.’ ‘ಹಿ ಹ್ಯಾಜ್ ಪೇಡ್.’ ‘ಹಿ ಹ್ಯಾಜ್ ಟು ಪೇ.’ ಇವುಗಳಿಗೆ ಮನೆಯ ಕನ್ನಡದಲ್ಲಿ ಏನನ್ನುತ್ತೀ ಎಂದು ಕೇಳಿದರು. ಹುಡುಗನು ತಡವರಿಸುತ್ತ ಹೇಳಿದನು: ಅವಗ ಬಾವಿ ಅದ. ಅವ ಕಟ್ಟ್ಯಾನ. ಅವಗ ಕಟ್ಟೋದು ಅದ.

ಗ್ರಂಥದ ಕನ್ನಡದಲ್ಲಿ ಬರೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬಾವಿ ಇದೆ, ಕಟ್ಟಿದ್ದಾನೆ, ಕಟ್ಟುವುದಿದೆ. ‘ಕಟ್ಟಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಕಟ್ಟಿ ಇದ್ದಾನೆ’. ಇಂಗ್ಲಿಷ್ ಮೂರು ಕಡೆಯಲ್ಲಿ ‘ಹ್ಯಾವ್’ ಅನ್ನು ಬಳಸಿದರೆ ಕನ್ನಡವು ಆ ಮೂರು ಕಡೆಯಲ್ಲಿಯೂ ‘ಇರು’ವನ್ನು ಬಳಸುತ್ತದೆ! ‘ಹೊಂದು’ ಎಂಬುದು ಒಂದರಲ್ಲಿಯೂ ಕಾಲಿಡುವುದಿಲ್ಲ. ಇಂಗ್ಲಿಷಿನಲ್ಲಿ ಈ ಮೂರನ್ನು ಬೇರ್ಪಡಿಸುವುದು ‘ಹ್ಯಾವ್’ ಅಲ್ಲ, ಅದರ ಮುಂದೆ ಬಂದು ನಿಲ್ಲುವ ಪದ. ನಾಮಪದ ನಿಂತರೆ ಇರುವಿಕೆ; ‘ಪೇಡ್’, ‘ರಿಸೀವ್ಡ್’ ಎಂಬಂಥ ಭೂತಕೃದಂತ ನಿಂತರೆ ಆಗಿಹೋದ ಕೆಲಸ; ‘ಟು’ ಬಂದು ಅದರಾಚೆ ಕ್ರಿಯೆಯ ಮೂಲರೂಪ ನಿಂತರೆ ಇನ್ನೂ ಆಗಬೇಕಾದ ಕೆಲಸ. ಮುಗಿದ ಸಾಲಕ್ಕೂ ಉಳಿದ ಸಾಲಕ್ಕೂ ನಡುವೆ ಇರುವುದು ಆ ಎರಡಕ್ಷರದ ‘ಟು’ ಮತ್ತು ‘ಪೇ’ಯ ಬಾಲ. ಇಂಗ್ಲಿಷರು ಆಡುವಾಗ ಈ ಮೂರನೆಯದನ್ನು ‘ಹ್ಯಾಫ್ ಟು’ ಎಂದೇ ಉಚ್ಚರಿಸುತ್ತಾರೆ. ಕಿವಿಗೆ ತಿಳಿಯುವ ಈ ಭೇದ ಕಾಗದದಲ್ಲಿ ಕಾಣಿಸುವುದಿಲ್ಲ.

ಮುಗಿದ ಕೆಲಸಕ್ಕೆ ‘ಹಿಡಿ’ ಎಂಬರ್ಥದ ಪದ ಹೇಗೆ ಬಂತು ಎಂದು ಕೇಳಬಹುದು. ಬಹಳ ಹಿಂದೆ ‘ಕಾಗದವನ್ನು ಬರೆದ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದೇನೆ’ ಎಂಬ ಅರ್ಥದಲ್ಲಿ ಹುಟ್ಟಿದ ವಾಕ್ಯವು ಕ್ರಮೇಣ ಸವೆದು ‘ಬರೆದಿದ್ದೇನೆ’ ಎಂಬ ಅರ್ಥಕ್ಕೆ ನಿಂತಿತು. ಕನ್ನಡದ ‘ಬರೆದಿಟ್ಟಿದ್ದೇನೆ’ ಎಂಬುದನ್ನು ನೆನೆದರೆ ಇದು ವಿಚಿತ್ರವೆನಿಸದು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ಪ್ರಸಿದ್ಧ ದೋಷದ ಮಾತೂ ಇಲ್ಲಿಯೇ ಬರುತ್ತದೆ. ಇರುವಿಕೆಯು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ಆದ್ದರಿಂದ ಅಣ್ಣಂದಿರಿಗೆ ‘ಹ್ಯಾವಿಂಗ್’ ಸಲ್ಲದು. ಊಟ ನಡೆಯುತ್ತಿದ್ದರೆ ‘ಹಿ ಈಸ್ ಹ್ಯಾವಿಂಗ್ ಹಿಸ್ ಮೀಲ್’ ಎಂಬುದು ಸರಿ, ಏಕೆಂದರೆ ಅಲ್ಲಿ ಆ ಪದಕ್ಕೆ ಉಣ್ಣುವ ಕೆಲಸದ ಅರ್ಥ. 2007ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. ಆದರೂ ಅಣ್ಣಂದಿರನ್ನು ‘ಹ್ಯಾವಿಂಗ್’ ಮಾಡುವುದು ನಿಂತಿಲ್ಲ.

ದೀಪಾವಳಿಯ ಮುಂದೆ ತಂದೆಯು ಮಗನನ್ನು ಕರೆದೊಯ್ಯಲು ಮಾನ್ವಿಗೆ ಬಂದನು. ಮಾಸ್ತರರ ಮನೆಗೂ ಹೋದನು. ಮಗ ಕಲಿತದ್ದೇನೆಂದು ವಿಚಾರಿಸಿ, ಆ ಪದಕ್ಕೆ ಹಿಂದಿನ ಕಾಲದಲ್ಲಿ ‘ಹಿಡಿ’ ಎಂಬ ಅರ್ಥವಿತ್ತೆಂಬುದನ್ನು ಕೇಳಿ, ಅವನು ಕುತೂಹಲದಿಂದ ಪ್ರಶ್ನಿಸಿದನು:

‘ಹಂಗಾದ್ರ ಜ್ವರ ಬಂದ್ರ ಇಂಗ್ಲಿಷಿನಾಗ ಏನಂತಾರ್ರೀ ಮಾಸ್ತರ?’

‘ಅದಕ್ಕೂ ಹ್ಯಾವ್ ಅಂತಾರಪ್ಪ. ಐ ಹ್ಯಾವ್ ಎ ಫೀವರ್.’

‘ಸಾಲಕ್ಕ?’

‘ಅದಕ್ಕೂ ಅದೇ.’

ಒಕ್ಕಲಿಗನು ನಕ್ಕುಬಿಟ್ಟನು. ‘ಜ್ವರ, ಸಾಲ ನಾವು ಹಿಡಕೊಂಡಿರತೀವೇನ್ರೀ? ಅವೇ ನಮ್ಮನ್ನ ಹಿಡಕೊಂಡಿರತಾವ.’

ಮಾಸ್ತರರೂ ನಕ್ಕರು. ತರುವಾಯ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಕಿ ಎಷ್ಟೆಂದು ಕೇಳಿ ಬ್ಯಾಂಕಿಗೆ ಕಾಗದ ಬರೆಯುವಂತೆ ಹೇಳಿದರು. ತಾವು ಪೆನ್ನು ಮುಟ್ಟಲಿಲ್ಲ. ಹುಡುಗನು ಅರ್ಧ ಗಂಟೆ ತೆಗೆದುಕೊಂಡು ಬರೆದನು: ‘ಮೈ ಫಾದರ್ ಹ್ಯಾಡ್ ಟೂ ಬುಲಕ್ಸ್. ಹಿ ಹ್ಯಾಜ್ ಸೋಲ್ಡ್ ಒನ್ ಅಂಡ್ ಹ್ಯಾಜ್ ಪೇಡ್ ದಿ ಸೆಕೆಂಡ್ ಇನ್‌ಸ್ಟಾಲ್‌ಮೆಂಟ್. ಹಿ ಹ್ಯಾಜ್ ಟು ಪೇ ಒನ್ ಮೋರ್. ಪ್ಲೀಸ್ ರೈಟ್ ಟು ಅಸ್ ಹೌ ಮಚ್.’ ಮೊದಲ ವಾಕ್ಯವು ಬ್ಯಾಂಕಿನವರಿಗೆ ಬೇಕಾದುದಲ್ಲವೆಂದು ಮಾಸ್ತರರಿಗೆ ತೋರಿದರೂ ಅದನ್ನು ಹೊಡೆದುಹಾಕಲಿಲ್ಲ. ತಂದೆಯು ಕೆಳಗೆ ಕನ್ನಡದಲ್ಲಿ ತನ್ನ ಸಹಿಯನ್ನು ಹಾಕಿದನು.

ಮೂರು ವಾರಗಳ ಮೇಲೆ ಉತ್ತರ ಬಂದಿತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಹುಡುಗನು ಈ ಸಲ ಒಡನೆಯೇ ಏನೂ ಹೇಳಲಿಲ್ಲ. ಪ್ರತಿಯೊಂದು ‘ಹ್ಯಾವ್’ನ ಮುಂದೆ ಬೆರಳಿಟ್ಟು, ಅದರಾಚೆ ನಿಂತ ಪದವನ್ನು ನೋಡಿಕೊಂಡು, ಎರಡು ಸಲ ಓದಿದನು. ಆಮೇಲೆ ತಂದೆಗೆ ಎರಡು ಮೊತ್ತಗಳನ್ನು ಹೇಳಿದನು: ಕಟ್ಟಿರುವುದು ಇಷ್ಟು, ಕಟ್ಟುವುದಿರುವುದು ಇಷ್ಟು.